ನಮ್ ನಾಲೆ ನೀರಿನ ಹಿಂದೆ ಒಬ್ಬ ವಕೀಲ: ಶೇಷಾದ್ರಿ ಅಯ್ಯರ್ ಕಥೆ, 8 ಭಾಗಗಳಲ್ಲಿ

ಭಾಗ 1/8

ಫ್ರೆಂಡ್ಸ್, ಒಂದು ಪ್ರಶ್ನೆ. ವಕೀಲಿಕೆಯಿಂದ ರಾಜಕೀಯಕ್ಕೆ ಬಂದು ದೇಶ ನಡೆಸಿದೋರು ಯಾರು ಅಂತ ಕೇಳಿದ್ರೆ ನಮ್ ಕ್ಲಾಸಲ್ಲಿ ಅರ್ಧ ಜನ ಅಬ್ರಹಾಂ ಲಿಂಕನ್ ಅಂತೀರಾ. ಸರಿನೇ. ಆದ್ರೆ ಅದೇ ಶತಮಾನದಲ್ಲಿ ಕಾನೂನು ಓದ್ಕೊಂಡು ಬಂದು ನಮ್ಮ ಮೈಸೂರು ಸಂಸ್ಥಾನವನ್ನ 18 ವರ್ಷ ನಡೆಸಿದೋರ ಹೆಸರು ಕೇಳಿದ್ರೆ ಎಲ್ಲರೂ ಸೈಲೆಂಟ್. ನಾನೂ ಸೈಲೆಂಟೇ ಇದ್ದೆ.

ಹೆಸರು ಕೆ. ಶೇಷಾದ್ರಿ ಅಯ್ಯರ್. ಬೆಂಗಳೂರಿಗೆ ಹೋದ್ರೆ ಶೇಷಾದ್ರಿಪುರಂ ಅಂತ ಬಸ್ ಬೋರ್ಡ್ ನೋಡಿರ್ತೀರಾ. ಕಬ್ಬನ್ ಪಾರ್ಕಿನ ಕೆಂಪು ಲೈಬ್ರರಿ ಮುಂದೆ ಫೋಟೋ ತೆಗೆಸ್ಕೊಂಡಿರ್ತೀರಾ. ಎರಡೂ ಅವರ ಹೆಸರಿನವೇ. ನಮ್ ಕಡೆ ಮಾತ್ರ ಅವರ ಹೆಸರು ಯಾರ ಬಾಯಲ್ಲೂ ಇಲ್ಲ.

ನಂಗೆ ಈ ಹೆಸರು ಸಿಕ್ಕಿದ್ದು ಪುಸ್ತಕದಿಂದಲ್ಲ, ಜಗಳದಿಂದ. 2023ರಲ್ಲಿ ಮಳೆ ಕೈಕೊಡ್ತಲ್ಲ, ನೆನಪಿದ್ಯಾ? ಕಟ್ಟೇಲಿ ನೀರು ಕಮ್ಮಿ, ಆದ್ರೂ ತಮಿಳುನಾಡಿಗೆ ಬಿಡಿ ಅಂತ ಆದೇಶ. ಮಂಡ್ಯ ಬಂದ್, ಆಮೇಲೆ ಕರ್ನಾಟಕ ಬಂದ್. ನಮ್ಮಪ್ಪ ಆ ವರ್ಷ ಭತ್ತ ಹಾಕಲೇ ಇಲ್ಲ. ಒಟ್ಲು ಬಿಡೋ ಹೊತ್ತಲ್ಲಿ ಗದ್ದೆ ಬೀಳು. ಊರಿನ ಟೀ ಅಂಗಡೀಲಿ ಒಬ್ರು ಹಿರಿಯರು ಕೂತ್ಕೊಂಡು, "ಇದೆಲ್ಲ ಇವತ್ತಿಂದಲ್ಲ ಮಗಾ, 1892ರಲ್ಲೇ ಬರ್ಕೊಟ್ಬುಟ್ರು" ಅಂದ್ರು.

ಯಾರು ಬರ್ಕೊಟ್ಟಿದ್ದು? ಏನಂತ ಬರ್ಕೊಟ್ಟಿದ್ದು? ಯಾಕೆ ಬರ್ಕೊಟ್ಟಿದ್ದು? ಅಂಗಡೀಲಿ ಯಾರಿಗೂ ಗೊತ್ತಿರ್ಲಿಲ್ಲ. ನಂಗೂ ಗೊತ್ತಿರ್ಲಿಲ್ಲ. ಬಿಕಾಂ ಹುಡುಗರಿಗೆ ಒಂದು ಚಟ ಇರುತ್ತೆ, ವೋಚರ್ ನೋಡದೆ ಎಂಟ್ರಿ ಹಾಕೋಕೆ ಮನಸ್ಸು ಬರಲ್ಲ. ಹಾಗಾಗಿ ಹುಡುಕೋಕೆ ಶುರು ಮಾಡ್ದೆ. ಸಿಕ್ಕಿದ್ದನ್ನ ಇಲ್ಲಿ ಬರೀತಿದ್ದೀನಿ. ಉದ್ದ ಇದೆ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

ಭಾಗ 2/8: ಎಂಟು ಹಳ್ಳಿಯ ಹೆಸರಿನ ಕಚೇರಿ

ಶೇಷಾದ್ರಿ ಅಯ್ಯರ್ ಹುಟ್ಟಿದ್ದು 1845ರ ಜೂನ್ 1ರಂದು, ಈಗ ಕೇರಳದಲ್ಲಿರೋ ಪಾಲಕ್ಕಾಡ್ ಹತ್ತಿರ. ತಮಿಳು ಮಾತಾಡೋ ಬ್ರಾಹ್ಮಣ ಕುಟುಂಬ, ತಂದೆ ವಕೀಲರು. ಕ್ಯಾಲಿಕಟ್‌ನಲ್ಲಿ ಓದು, ಆಮೇಲೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು. ಡಿಗ್ರಿ ಮುಗಿಸಿದ ಮೇಲೆ ಕ್ಯಾಲಿಕಟ್‌ನ ಕಲೆಕ್ಟರ್ ಕಚೇರಿಯಲ್ಲಿ ಭಾಷಾಂತರ ಮಾಡೋ ಸಣ್ಣ ಕೆಲಸ.

ಅವರನ್ನ ಮೈಸೂರಿಗೆ ಕರ್ಕೊಂಡು ಬಂದೋರು ಸಿ. ರಂಗಾಚಾರ್ಲು. ವರ್ಷ 1868. ಆಗ ಮೈಸೂರಲ್ಲಿ ಅರಸರ ಆಡಳಿತ ಇರ್ಲಿಲ್ಲ, 1831ರಿಂದ ಬ್ರಿಟಿಷ್ ಕಮಿಷನರ್‌ಗಳೇ ನಡೆಸ್ತಿದ್ರು. ಶೇಷಾದ್ರಿ ಅಯ್ಯರ್‌ಗೆ ಸಿಕ್ಕ ಮೊದಲ ಹುದ್ದೆ, ಅಷ್ಟಗ್ರಾಮ ಡಿವಿಷನ್ನಿನ ನ್ಯಾಯಾಂಗ ಶಿರಸ್ತೇದಾರ್.

ಇಲ್ಲಿ ಸ್ವಲ್ಪ ನಿಲ್ಲಿ. ಅಷ್ಟಗ್ರಾಮ ಅಂದ್ರೆ ಏನು ಗೊತ್ತಾ? ಅದು ನಮ್ದೇ. ಶ್ರೀರಂಗಪಟ್ಟಣದ ಆಸುಪಾಸು ಕಾವೇರಿಯ ಎರಡೂ ದಡದ ಎಂಟು ಹಳ್ಳಿಗಳ ಗುಂಪಿಗೆ ಆ ಹೆಸರು. ಹೊಯ್ಸಳರ ವಿಷ್ಣುವರ್ಧನ ರಾಮಾನುಜಾಚಾರ್ಯರಿಗೆ ಬಿಟ್ಟುಕೊಟ್ಟಿದ್ದು ಅಂತ ಹಳೇ ಪ್ರತೀತಿ. ಆ ಹೆಸರೇ ಬೆಳೆದು ಬೆಳೆದು ಮೈಸೂರು, ಹಾಸನ ಜಿಲ್ಲೆಗಳು ಸೇರಿದ ಇಡೀ ಡಿವಿಷನ್ನಿನ ಹೆಸರಾಯ್ತು. ಮಂಡ್ಯ ಜಿಲ್ಲೆ ಅನ್ನೋದು ಹುಟ್ಟಿದ್ದೇ 1939ರಲ್ಲಿ. ಹಾಗಾಗಿ ಆಗ ನಾವು ನಾಲ್ಕೂ ತಾಲ್ಲೂಕಿನೋರು ಅಷ್ಟಗ್ರಾಮದವರೇ. ಪಾಂಡವಪುರಕ್ಕೆ ಆಗ ಹಿರೋಡೆ, ಇಲ್ಲಾ ಫ್ರೆಂಚ್ ರಾಕ್ಸ್ ಅಂತ ಹೆಸರು, ಹೈದರ್-ಟಿಪ್ಪು ಕಾಲದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಜಾಗ ಅಂತ. ಕೆ.ಆರ್. ಪೇಟೆಗೆ ಅತ್ತಿಕುಪ್ಪೆ ಅಂತಿದ್ರು, 1891ರಲ್ಲಿ ಕೃಷ್ಣರಾಜಪೇಟೆ ಆಗಿದ್ದು.

ಅಂದ್ರೆ ಮುಂದೆ ದಿವಾನರಾಗೋ ಮನುಷ್ಯ ಮೈಸೂರಿನ ಕಡತಗಳನ್ನ ಕಲ್ತಿದ್ದು ನಮ್ಮ ಸೀಮೆಯ ಕೋರ್ಟ್ ಕಾಗದದಲ್ಲಿ. ನೌಕರಿ ಮಾಡ್ಕೊಂಡೇ ಓದಿ 1874ರಲ್ಲಿ ಬಿ.ಎಲ್. ಪದವಿ ಪಡೆದ್ರು. ಪಾರ್ಟ್ ಟೈಮ್ ಕೆಲಸ ಮಾಡ್ಕೊಂಡು ಓದ್ತಿರೋ ನಮ್ ಬ್ಯಾಚಿನೋರು ಇದನ್ನ ನೋಟ್ ಮಾಡ್ಕೊಳ್ಳಿ.

ಭಾಗ 3/8: 37ಕ್ಕೆ ದಿವಾನ

1881ರ ಮಾರ್ಚ್ 25. ಐವತ್ತು ವರ್ಷ ಆದ್ಮೇಲೆ ಬ್ರಿಟಿಷರು ಮೈಸೂರನ್ನ ವಾಪಸ್ ಅರಸರಿಗೆ ಕೊಟ್ರು. ಚಾಮರಾಜೇಂದ್ರ ಒಡೆಯರ್‌ಗೆ ಆಗ 18 ವರ್ಷ, ಅಂದ್ರೆ ನಮಗಿಂತ ಚಿಕ್ಕೋರು. ರಂಗಾಚಾರ್ಲು ದಿವಾನರು. ಎರಡು ವರ್ಷ ಆಗೋದ್ರೊಳಗೆ, 1883ರ ಜನವರಿಯಲ್ಲಿ ಅವರು ತೀರಿಕೊಂಡ್ರು. ಅವರ ಜಾಗಕ್ಕೆ ಶೇಷಾದ್ರಿ ಅಯ್ಯರ್ ಬಂದ್ರು. ವಯಸ್ಸು 37.

ವಾಪಸ್ ಸಿಕ್ಕ ರಾಜ್ಯ ಹೇಗಿತ್ತು ಅಂದ್ರೆ, ಓಪನಿಂಗ್ ಬ್ಯಾಲೆನ್ಸೇ ಮೈನಸ್. 1876ರಿಂದ 78ರವರೆಗೆ ಬಂದ ಬರಗಾಲದಲ್ಲಿ ಸುಮಾರು 10 ಲಕ್ಷ ಜನ ಸತ್ತಿದ್ರು. ಇದ್ದಿದ್ದೇ 50 ಲಕ್ಷ ಜನ, ಐದರಲ್ಲಿ ಒಬ್ಬರು ಹೋದ ಲೆಕ್ಕ. ಜೊತೆಗೆ 80 ಲಕ್ಷ ರೂಪಾಯಿ ಸಾಲ. ಅದರ ಮೇಲೆ ವರ್ಷಾ ವರ್ಷ ಬ್ರಿಟಿಷರಿಗೆ ಕಪ್ಪ ಕಟ್ಬೇಕು. ಆ ಕಪ್ಪ ಶುರುವಾಗಿದ್ದು ಎಲ್ಲಿಂದ ಗೊತ್ತಾ? ಟಿಪ್ಪು ಬಿದ್ದ ಮೇಲೆ 1799ರಲ್ಲಿ ಆದ ಶ್ರೀರಂಗಪಟ್ಟಣದ ಒಪ್ಪಂದದಿಂದ.

ಇನ್ನೊಂದು ವಿಷಯ. ಲಿಂಕನ್‌ಗೆ ಜನ ಓಟು ಹಾಕಿದ್ರು. ಶೇಷಾದ್ರಿ ಅಯ್ಯರ್‌ಗೆ ಯಾರೂ ಓಟು ಹಾಕಿಲ್ಲ. ದಿವಾನ ಅಂದ್ರೆ ಅರಸರು ನೇಮಿಸಿದೋರು, ಅದಕ್ಕೂ ಬ್ರಿಟಿಷರ ಒಪ್ಪಿಗೆ ಬೇಕು. ಜನರ ಕಡೆಯಿಂದ ಇದ್ದಿದ್ದು ಒಂದೇ ಕಿಟಕಿ, ಪ್ರಜಾಪ್ರತಿನಿಧಿ ಸಭೆ. ರಂಗಾಚಾರ್ಲು 1881ರ ದಸರಾ ಹೊತ್ತಲ್ಲಿ 144 ಜನರನ್ನ ಕರೆದು ಶುರು ಮಾಡಿದ್ದು. ಸದಸ್ಯರು ಬಂದು ಕೆರೆ, ರಸ್ತೆ, ಕಂದಾಯದ ಕಷ್ಟ ಹೇಳ್ಕೊಬಹುದು. ಆದ್ರೆ ಬಜೆಟ್ ನಿಲ್ಲಿಸೋ ಅಧಿಕಾರ ಇಲ್ಲ, ಕಾನೂನು ಮಾಡೋ ಅಧಿಕಾರನೂ ಇಲ್ಲ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಅದಕ್ಕೆ ಚುನಾವಣೆ ಬಂತು. ಓಟು ಹಾಕೋ ಹಕ್ಕು ಮಾತ್ರ ಹೆಚ್ಚು ಕಂದಾಯ ಕಟ್ಟೋರಿಗೆ, ಪದವೀಧರರಿಗೆ. ನಮ್ಮ ಮುತ್ತಾತನಂಥ ಒಂದೆರಡು ಎಕರೆ ರೈತನಿಗೆ ಅಲ್ಲಿ ಜಾಗ ಇರ್ಲಿಲ್ಲ.

ಇದನ್ನ ನೆನಪಿಟ್ಕೊಳ್ಳಿ. ಭಾಗ 6ರಲ್ಲಿ ಬೇಕಾಗುತ್ತೆ.

ಭಾಗ 4/8: ಮಾಡಿದ್ದೇನು, ಬೈಸ್ಕೊಂಡಿದ್ದೇನು

ಬೇಗ ಬೇಗ ಹೇಳ್ತೀನಿ, ಪಟ್ಟಿ ದೊಡ್ಡದು.

ಕೋಲಾರದಲ್ಲಿ ಚಿನ್ನದ ಗಣಿ ದೊಡ್ಡ ಮಟ್ಟಕ್ಕೆ ಹೋಗಿದ್ದು ಇವರ ಕಾಲದಲ್ಲಿ, ಅದರ ರಾಯಲ್ಟಿ ಖಜಾನೆಗೆ ಉಸಿರು ಕೊಡ್ತು. ಲಾಲ್‌ಬಾಗಿನ ಗಾಜಿನ ಮನೆ 1889. ಬೆಂಗಳೂರಿಗೆ ಹೆಸರಘಟ್ಟದಿಂದ ನಲ್ಲಿ ನೀರು. 1898ರಲ್ಲಿ ಪ್ಲೇಗ್ ಬಂದಾಗ ಊರಿನ ಇಕ್ಕಟ್ಟು ಬಿಟ್ಟು ಹೊರಗೆ ಬಸವನಗುಡಿ, ಮಲ್ಲೇಶ್ವರ. ವಿಕ್ಟೋರಿಯಾ ಆಸ್ಪತ್ರೆ 1900. ಚಿತ್ರದುರ್ಗದ ಕಡೆ ವೇದಾವತಿ ನದಿಗೆ ಮಾರಿಕಣಿವೆ ಅಣೆಕಟ್ಟು ಶುರುವಾಗಿದ್ದೂ ಇವರ ಕಾಲದಲ್ಲೇ. 1891ರಿಂದ ಮೈಸೂರು ಸಿವಿಲ್ ಸರ್ವೀಸ್ ಪರೀಕ್ಷೆ. ಕೆಪಿಎಸ್‌ಸಿಗೆ ಓದ್ತಿರೋರೇ, ನಿಮ್ಮ ತಲೆನೋವಿನ ಮುತ್ತಜ್ಜ ಇದು.

ನಂಗೆ ಹೆಚ್ಚು ಹಿಡಿಸಿದ್ದು 1894ರ ಕಾನೂನು. ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆ ಅಪರಾಧ. ಐವತ್ತು ದಾಟಿದ ಗಂಡಸು ಹದಿನಾಲ್ಕು ವರ್ಷದೊಳಗಿನ ಹುಡುಗೀನ ಮದುವೆ ಆದ್ರೂ ಅಪರಾಧ. ಇವತ್ತು ಓದಿದ್ರೆ "ಎಂಟು ವರ್ಷನಾ? ಇದೂ ಒಂದು ಸುಧಾರಣೆನಾ?" ಅನ್ಸುತ್ತೆ. ಆದ್ರೆ ಆ ಎಂಟಕ್ಕೂ ಎಷ್ಟೋ ಜನ ವಿರೋಧ ಮಾಡಿದ್ರು. ಬ್ರಿಟಿಷ್ ಇಂಡಿಯಾದಲ್ಲಿ ಬಾಲ್ಯವಿವಾಹ ತಡೆಯೋ ಶಾರದಾ ಕಾಯ್ದೆ ಬಂದಿದ್ದು 1929ರಲ್ಲಿ. ಮೂವತ್ತೈದು ವರ್ಷ ಆದ್ಮೇಲೆ.

ಬೈಗುಳನೂ ಕಮ್ಮಿ ಇರ್ಲಿಲ್ಲ. ದೊಡ್ಡ ದೊಡ್ಡ ಹುದ್ದೆಗಳೆಲ್ಲ ಮದ್ರಾಸ್ ಕಡೆಯೋರ ಪಾಲಾಗ್ತಿದೆ, ಮೈಸೂರಿನೋರಿಗೆ ಏನುಳೀತು ಅನ್ನೋ ಕೂಗು ಎದ್ದಿದ್ದು ಈ ಕಾಲದಲ್ಲೇ. ಪತ್ರಿಕೆಗಳು ಬರೆದ್ವು, ಸಭೆಯಲ್ಲಿ ಕೇಳಿದ್ರು. ಎಲ್ಲ ಅಧಿಕಾರ ಒಬ್ಬರ ಕೈಲೇ ಇದೆ ಅಂತನೂ ದೂರು. 1894ರ ಡಿಸೆಂಬರ್‌ನಲ್ಲಿ ಮಹಾರಾಜರು ಕಲ್ಕತ್ತಾದಲ್ಲಿ ತೀರಿಕೊಂಡ್ರು, ಮಗನಿಗೆ ಇನ್ನೂ ಹತ್ತು ವರ್ಷ. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟ್ ಆದ್ರು, ದಿವಾನರು ಅವರೇ ಮುಂದುವರೆದ್ರು.

ಒಳ್ಳೆಯೋರಾ ಕೆಟ್ಟೋರಾ ಅಂತ ಈಗ್ಲೇ ಕಾಮೆಂಟ್ ಹಾಕ್ಬೇಡಿ. ನಮ್ಮ ನೀರಿನ ವಿಷಯ ಇನ್ನೂ ಬಂದಿಲ್ಲ.

ಭಾಗ 5/8: ನೀರು ಇಲ್ಲಿಂದ, ಬೆಳಕು ಅಲ್ಲಿಗೆ

ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ಹತ್ತಿರ ನಿಂತ್ರೆ ಕಾಣೋ ನೀರು ಮುಂದೆ ಮಳವಳ್ಳಿ ತಾಲ್ಲೂಕು ತಲುಪಿ ಶಿವನಸಮುದ್ರದಲ್ಲಿ ದುಮುಕುತ್ತೆ. ಗಗನಚುಕ್ಕಿ, ಭರಚುಕ್ಕಿ. ನಮಗೆಲ್ಲ ಅದು ಟ್ರಿಪ್ ಹೋಗೋ ಜಾಗ. ಮೈಸೂರಿನ ಡೆಪ್ಯುಟಿ ಚೀಫ್ ಎಂಜಿನಿಯರ್ ಆಗಿದ್ದ ಎ.ಜೆ. ಡಿ ಲಾಟ್ಬಿನಿಯರ್‌ಗೆ ಅದರಲ್ಲಿ ಕರೆಂಟ್ ಕಾಣಿಸ್ತು.

ಕೋಲಾರದ ಗಣಿಯೋರಿಗೆ ಕಲ್ಲಿದ್ದಲಿಂದ ಯಂತ್ರ ಓಡಿಸೋದು ಭಾರಿ ಖರ್ಚು, ಕಲ್ಲಿದ್ದಲು ದೂರದಿಂದ ಬರ್ಬೇಕಿತ್ತು. ಕಾವೇರಿ ನೀರಲ್ಲಿ ವಿದ್ಯುತ್ ಮಾಡಿ ತಂತಿಯಲ್ಲಿ ಗಣಿಗೆ ಕಳಿಸಿದ್ರೆ? ದೂರ 147 ಕಿಲೋಮೀಟರ್. ಆ ಕಾಲಕ್ಕೆ ಅಷ್ಟುದ್ದ ತಂತಿ ಎಳೆದಿದ್ದ ಜಾಗ ಪ್ರಪಂಚದಲ್ಲೇ ಹುಡುಕಬೇಕಿತ್ತು. ಇಂಗ್ಲೆಂಡಿನ ಕಾರ್ಖಾನೆ ಯುಗದ ಅಧಿಕಾರಿಗಳಿಗೆ ಇದನ್ನ ನಂಬಿಸೋದೇ ಒಂದು ಕೆಲಸ. ಶೇಷಾದ್ರಿ ಅಯ್ಯರ್ ಎಂಜಿನಿಯರ್ ಅಲ್ಲ, ಟರ್ಬೈನ್ ಬಗ್ಗೆ ಅವರಿಗೇನೂ ಗೊತ್ತಿರಬೇಕಾಗಿರ್ಲಿಲ್ಲ. ಗೊತ್ತಿದ್ದಿದ್ದು ಕರಾರು. ಗಣಿ ಕಂಪನಿಗಳು ಕೊಂಡುಕೊಳ್ತೀವಿ ಅಂತ ಮೊದಲೇ ಒಪ್ಪಿದ್ರೆ ಸಂಸ್ಥಾನ ಹಣ ಹಾಕಬಹುದು ಅನ್ನೋ ಲೆಕ್ಕ. ಎಂಜಿನಿಯರ್ ಯುರೋಪು, ಅಮೆರಿಕಾ ಸುತ್ತಿ ಬಂದ್ರು. ಟರ್ಬೈನ್ ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯದು, ಜನರೇಟರ್ ಅಮೆರಿಕಾದ ಜನರಲ್ ಎಲೆಕ್ಟ್ರಿಕ್‌ನದು. ಮದ್ದೂರು ಸ್ಟೇಷನ್ನಿಗೆ ರೈಲಲ್ಲಿ ಬಂದ ಸಾಮಾನು ಅಲ್ಲಿಂದ ಎತ್ತಿನ ಗಾಡಿ, ಆನೆಗಳ ಮೇಲೆ ಭರವಸೆ ಇಟ್ಕೊಂಡು ಹೋಯ್ತು.

1902ರ ಜೂನ್ 30. ಶಿವನಸಮುದ್ರದ ವಿದ್ಯುತ್ ಕೋಲಾರದ ಗಣಿ ಸೇರ್ತು. ಅದನ್ನ ನೋಡೋಕೆ ಶೇಷಾದ್ರಿ ಅಯ್ಯರ್ ಇರ್ಲಿಲ್ಲ. ಕಾಯಿಲೆಯಿಂದ 1901ರಲ್ಲಿ ಅಧಿಕಾರ ಬಿಟ್ರು, ಅದೇ ವರ್ಷ ಸೆಪ್ಟೆಂಬರ್ 13ಕ್ಕೆ ತೀರಿಕೊಂಡ್ರು. 56 ವರ್ಷ.

ಬೆಂಗಳೂರಿಗೆ ಬೀದಿ ದೀಪ ಬಂದಿದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ನಮ್ಮಜ್ಜಿ ಮದುವೆಯಾಗಿ ಈ ಊರಿಗೆ ಬಂದಾಗ ಮನೇಲಿ ಉರೀತಿದ್ದಿದ್ದು ಬುಡ್ಡಿ ದೀಪ. ಸ್ವಾತಂತ್ರ್ಯ ಬಂದು ಎಷ್ಟೋ ವರ್ಷ ಆದ್ಮೇಲಿನ ಮಾತು ಇದು. ನೀರು ನಮ್ಮ ಮುಂದೆನೇ ಹರ್ಕೊಂಡು ಹೋಗಿ ಕರೆಂಟ್ ಆಯ್ತು. ವಾಪಸ್ ಬರೋಕೆ ಅರ್ಧ ಶತಮಾನಕ್ಕಿಂತ ಜಾಸ್ತಿ ಹಿಡೀತು.

ಭಾಗ 6/8: 1892ರ ಆ ಕಾಗದ

ಈಗ ಟೀ ಅಂಗಡಿಯ ಮಾತಿಗೆ ಬರೋಣ.

ಬರಗಾಲ ಆದ್ಮೇಲೆ ಮೈಸೂರು ಕೆರೆಗಳನ್ನ ರಿಪೇರಿ ಮಾಡೋಕೆ, ಹೊಸ ಕಟ್ಟೆ ಕಟ್ಟೋಕೆ ಹೊರಡ್ತು. ಕೆಳಗಡೆ ಮದ್ರಾಸ್ ಸರ್ಕಾರಕ್ಕೆ ಭಯ. ತಂಜಾವೂರಿನ ಗದ್ದೆಗಳು ಕಾವೇರಿ ನಂಬ್ಕೊಂಡು ಸಾವಿರಾರು ವರ್ಷದಿಂದ ಇದ್ವು, ಮೇಲೆ ನೀರು ನಿಲ್ಲಿಸಿದ್ರೆ ನಮ್ಗೇನು ಅಂತ. ಆ ಭಯ ಸುಳ್ಳಲ್ಲ. ಅಲ್ಲೂ ನಮ್ಮಪ್ಪನಂಥ ರೈತರೇ ಇದ್ದಿದ್ದು.

ಮಾತುಕತೆ ಆಗಿ 1892ರ ಫೆಬ್ರವರಿ 18ಕ್ಕೆ ಒಪ್ಪಂದ. ದಿವಾನರು ಶೇಷಾದ್ರಿ ಅಯ್ಯರ್. ಸಾರಾಂಶ ಹೇಳ್ತೀನಿ, ಸ್ಕ್ರೀನ್‌ಶಾಟ್ ತಗೊಳ್ಳಿ.

ಒಂದು: ಪಟ್ಟಿಯಲ್ಲಿರೋ ನದಿಗಳ ಮೇಲೆ ಮೈಸೂರು ಹೊಸ ನೀರಾವರಿ ಜಲಾಶಯ ಕಟ್ಟೋದಾದ್ರೆ ಮದ್ರಾಸಿನ ಒಪ್ಪಿಗೆ ಮೊದಲೇ ಪಡೀಬೇಕು. ಆ ಪಟ್ಟಿಯಲ್ಲಿ ಕಾವೇರಿ ಇದೆ, ಹೇಮಾವತಿ ಇದೆ, ಲಕ್ಷ್ಮಣತೀರ್ಥ ಇದೆ. ಕೆ.ಆರ್. ಪೇಟೆ, ನಾಗಮಂಗಲದೋರೇ, ನಿಮ್ಮ ಹೇಮಾವತಿ ನಾಲೆಯ ನದೀನೂ ಅದರಲ್ಲಿತ್ತು.

ಎರಡು: ಮದ್ರಾಸ್ ಸುಮ್ಸುಮ್ನೆ ಆಗಲ್ಲ ಅನ್ನೋ ಹಾಗಿಲ್ಲ. ಅದಾಗಲೇ ಬಳಸ್ತಾ ಬಂದು ಹಕ್ಕಾಗಿರೋ ನೀರನ್ನ ಕಾಪಾಡೋಕೆ ಮಾತ್ರ ಬೇಡ ಅನ್ನಬಹುದು.

ಮೂರು: ಜಗಳ ಬಂದ್ರೆ ಮಧ್ಯಸ್ಥಗಾರರ ಮುಂದೆ ಹೋಗ್ಬೇಕು, ಇಲ್ಲಾ ಭಾರತ ಸರ್ಕಾರದ ತೀರ್ಮಾನಕ್ಕೆ ಬಿಡಬೇಕು.

ಮೊದಲನೇದು ಓದಿದಾಗ ನಂಗೆ ಸಿಟ್ಟೇ ಬಂತು. ನಮ್ಮ ನೆಲದ ಮೇಲೆ ಹರಿಯೋ ನದಿಗೆ ಕಟ್ಟೆ ಕಟ್ಟೋಕೆ ಇನ್ನೊಬ್ಬರ ಸಹಿ ಯಾಕೆ? ಕಾನೂನು ಓದಿದ ಮನುಷ್ಯ ಇದಕ್ಕೆ ಹೇಗೆ ಒಪ್ಪಿದ್ರು?

ಆದ್ರೆ ಆ ಮೇಜಿನ ಎರಡು ಬದಿ ಯಾರ್ಯಾರು ಕೂತಿದ್ರು ನೋಡಿ. ಒಂದು ಬದಿ ಬ್ರಿಟಿಷರದ್ದೇ ಮದ್ರಾಸ್ ಪ್ರಾಂತ್ಯ. ಇನ್ನೊಂದು ಬದಿ ಹನ್ನೊಂದು ವರ್ಷದ ಹಿಂದೆ ಬ್ರಿಟಿಷರ ಷರತ್ತಿನ ಮೇಲೆ ವಾಪಸ್ ಸಿಕ್ಕ, ಸಾಲದಲ್ಲಿದ್ದ ಸಂಸ್ಥಾನ. ತೀರ್ಪು ಹೇಳೋರೂ ಬ್ರಿಟಿಷರೇ. ಸಮಬಲದ ಮಾತುಕತೆ ಅಲ್ಲ ಇದು. ಹಾಗಂತ ದಿವಾನರಿಗೆ ಜವಾಬ್ದಾರಿ ಇಲ್ಲ ಅಂತನೂ ಅಲ್ಲ. ಅವರ ಕಾಲದಲ್ಲೇ ಆಗಿದ್ದು, ಅವರ ಲೆಕ್ಕಕ್ಕೇ ಬರುತ್ತೆ. ಮತ್ತೆ ಭಾಗ 3 ನೆನಪಿಸ್ಕೊಳ್ಳಿ: ಬೇಡ ಅಂತ ತಡೆಯೋ ಅಧಿಕಾರ ಇದ್ದ ರೈತ ಪ್ರತಿನಿಧಿ ಒಬ್ಬನೂ ಇರ್ಲಿಲ್ಲ.

ಭಾಗ 7/8: ಕನ್ನಂಬಾಡಿ

ಇಲ್ಲಿ ಎರಡು ಕಥೆ ಒಂದಾಗುತ್ತೆ.

ಬೇಸಿಗೇಲಿ ಕಾವೇರಿ ಸಣ್ಣಗಾಗ್ತಿತ್ತು, ಶಿವನಸಮುದ್ರದಲ್ಲಿ ವಿದ್ಯುತ್ತಿಗೆ ನೀರು ಸಾಲ್ತಿರ್ಲಿಲ್ಲ. ಗಣಿಯೋರಿಗೆ ಮಾತ್ರ ವರ್ಷಪೂರ್ತಿ ಕರೆಂಟ್ ಬೇಕು, ಇನ್ನೂ ಜಾಸ್ತಿ ಬೇಕು. ಹಾಗಾದ್ರೆ ಮೇಲೆಲ್ಲಾದ್ರೂ ನೀರು ಕೂಡಿಡಬೇಕು. ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟೋ ಯೋಚನೆ ಗಟ್ಟಿಯಾಗಿದ್ದಕ್ಕೆ ನೀರಾವರಿ ಎಷ್ಟು ಕಾರಣನೋ ಇದೂ ಅಷ್ಟೇ ಕಾರಣ. ಅಂದ್ರೆ 1911ರಲ್ಲಿ ವಿಶ್ವೇಶ್ವರಯ್ಯನವರ ಯೋಜನೆಗೆ ಕೆಲಸ ಶುರುವಾಗುವಾಗ ಅದರ ಬೆನ್ನ ಹಿಂದೆ ಶೇಷಾದ್ರಿ ಅಯ್ಯರ್ ಕಾಲದ ವಿದ್ಯುತ್ ಕರಾರು ನಿಂತಿತ್ತು.

ಎದುರಿಗೆ ನಿಂತಿದ್ದೂ ಅವರ ಕಾಲದ್ದೇ, 1892ರ ಒಪ್ಪಂದ. ಮೈಸೂರು ಕೇಳಿದ್ದು 41.5 ಟಿಎಂಸಿ ಕಟ್ಟೆ. ಮದ್ರಾಸ್ ಒಪ್ಪಲಿಲ್ಲ, ಅವರಿಗೆ ಮೆಟ್ಟೂರು ಕಟ್ಟಬೇಕಿತ್ತು. ಸದ್ಯಕ್ಕೆ 11 ಟಿಎಂಸಿಯಷ್ಟು ಕಟ್ಕೊಳ್ಳಿ ಅಂದ್ರು. ಮೈಸೂರು ಪಾಯ ಮಾತ್ರ ದೊಡ್ಡ ಕಟ್ಟೆಗೇ ಹಾಕ್ತು. ಗುಂಡಿಗೆ ಬೇಕು ಅಲ್ವಾ?

ಜಗಳ ಜೋರಾಯ್ತು. ಆಗ ಉಪಯೋಗಕ್ಕೆ ಬಂದಿದ್ದು ಅದೇ ಒಪ್ಪಂದದ ಮಧ್ಯಸ್ಥಿಕೆ ಕಲಮು. ಅಲಹಾಬಾದ್ ಹೈಕೋರ್ಟಿನ ನ್ಯಾಯಾಧೀಶ ಗ್ರಿಫಿನ್ ಕೂತು ಕೇಳಿದ್ರು, 1914ರ ಮೇನಲ್ಲಿ ಮೈಸೂರಿನ ಪರ ತೀರ್ಪು ಕೊಟ್ರು. ಮದ್ರಾಸ್ ಬಿಡ್ಲಿಲ್ಲ, ಲಂಡನ್‌ವರೆಗೂ ಹೋಯ್ತು, ತೀರ್ಪು ನಿಲ್ಲಲಿಲ್ಲ. ಮತ್ತೆ ಮಾತುಕತೆ. 1924ರ ಫೆಬ್ರವರಿ 18ಕ್ಕೆ ಹೊಸ ಒಪ್ಪಂದ. ತಾರೀಖು ನೋಡಿ, 1892ರದ್ದೇ ದಿನ. ಕನ್ನಂಬಾಡಿಗೆ ಸುಮಾರು 44.8 ಟಿಎಂಸಿ, ಮೆಟ್ಟೂರಿಗೆ 93.5.

ಕೈ ಕಟ್ಟಿದ್ದೂ ಆ ಕಾಗದವೇ, ವಾದ ಮಾಡೋಕೆ ಬಾಗಿಲು ಬಿಟ್ಟಿದ್ದೂ ಆ ಕಾಗದವೇ. ಮೊದಲನೇ ಕಲಮು ಮಾತ್ರ ನಮ್ಮ ಊರಿನ ನೆನಪಲ್ಲಿ ಉಳೀತು.

ಕಟ್ಟೆಗೂ ಬೆಲೆ ಇತ್ತು. ಹಳೇ ಕನ್ನಂಬಾಡಿ ಮುಳುಗ್ತು, ಹಿನ್ನೀರಿನ ಊರುಗಳು ಮುಳುಗಿದ್ವು. ನೀರು ಇಳಿದಾಗ ಮೇಲೇಳ್ತಿದ್ದ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನ ಈಗ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ. ನಾವು ರೀಲ್ಸ್ ಮಾಡೋ ಜಾಗದ ಮುಂದೆ ಇರೋ ನೀರಿನ ಕೆಳಗೆ ಯಾರದೋ ಊರಿತ್ತು.

ಭಾಗ 8/8: ಲೆಕ್ಕ

1924ರ ಒಪ್ಪಂದದ 50 ವರ್ಷ 1974ಕ್ಕೆ ಮುಗೀತು. 1990ರಲ್ಲಿ ನ್ಯಾಯಮಂಡಳಿ, 2007ರಲ್ಲಿ ಅದರ ಅಂತಿಮ ತೀರ್ಪು. 2018ರ ಫೆಬ್ರವರಿ 16ಕ್ಕೆ ಸುಪ್ರೀಂ ಕೋರ್ಟ್ ಹೇಳಿದ್ದು: ಸಾಮಾನ್ಯ ವರ್ಷದಲ್ಲಿ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ 177.25 ಟಿಎಂಸಿ, ಕರ್ನಾಟಕಕ್ಕೆ ಮೊದಲಿಗಿಂತ 14.75 ಹೆಚ್ಚು. ಹಳೇ ಒಪ್ಪಂದಗಳು ಅನ್ಯಾಯದವು, ನಡೆಯಲ್ಲ ಅನ್ನೋ ನಮ್ಮ ವಾದವನ್ನ ಕೋರ್ಟ್ ಒಪ್ಪಲಿಲ್ಲ. ಆದ್ರೆ 1924ರದ್ದು 1974ಕ್ಕೇ ಮುಗಿದಿದೆ ಅಂತ ಹೇಳ್ತು.

ಅಂದ್ರೆ ಇವತ್ತು ನಮ್ಮ ನಾಲೆಗೆ ಎಷ್ಟು ನೀರು ಅನ್ನೋದನ್ನ ತೀರ್ಮಾನ ಮಾಡ್ತಿರೋದು 1892 ಅಲ್ಲ, 2018. ಟೀ ಅಂಗಡಿಯ ಹಿರಿಯರು ಹೇಳಿದ್ದು ಅರ್ಧ ನಿಜ. ಜಗಳ ಅಲ್ಲಿಂದ ಶುರುವಾಗಿದ್ದು ಹೌದು. ಇವತ್ತಿನ ಕಷ್ಟಕ್ಕೆಲ್ಲ ಆ ಒಬ್ಬ ಮನುಷ್ಯನ ಸಹಿ ಕಾರಣ ಅನ್ನೋದು ಅಲ್ಲ. ಮಳೆ ಕಮ್ಮಿಯಾದ ವರ್ಷ ಹೇಗೆ ಹಂಚ್ಕೋಬೇಕು ಅನ್ನೋದು ಇನ್ನೂ ಬಗೆಹರಿಯದ ಪ್ರಶ್ನೆ. 2023ರಲ್ಲಿ ನಮ್ಮ ಗದ್ದೆ ಬೀಳು ಬಿದ್ದಿದ್ದು ಆ ಪ್ರಶ್ನೆಯಿಂದ.

ಇದನ್ನೆಲ್ಲ ಮನೇಲಿ ಹೇಳ್ದೆ. ಅಪ್ಪ ಸುಮ್ನೆ ಕೇಳಿಸ್ಕೊಂಡ್ರು. ಕೊನೇಗೆ, "ಅಲ್ಲಾ ಕಣ್ಲಾ, ಆ ಕಾಗ್ದದಲ್ಲಿ ಇಷ್ಟೆಲ್ಲ ಅಯ್ತೆ ಅಂತ ನಮ್ಗೆ ಯಾರೂ ಓದಿ ಹೇಳ್ನೇ ಇಲ್ವಲ್ಲ" ಅಂದ್ರು. ಮೂವತ್ತು ವರ್ಷದಿಂದ ಚಳವಳಿಗೆ ಹೋಗಿ ರಸ್ತೇಲಿ ಕೂತ ಮನುಷ್ಯ ಅವರು. ನಂಗೆ ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ.

ಶೇಷಾದ್ರಿ ಅಯ್ಯರ್‌ನ ಪೂಜೆ ಮಾಡಿ ಅಂತ ನಾನು ಹೇಳ್ತಿಲ್ಲ. ಬೈಯಿರಿ ಅಂತನೂ ಹೇಳ್ತಿಲ್ಲ. ವಿಶ್ವೇಶ್ವರಯ್ಯನವರ ಫೋಟೋ ನಮ್ ಕಡೆ ದೇವರ ಪಕ್ಕ ಇರುತ್ತೆ, ಇರ್ಲಿ. ಆದ್ರೆ ಅವರಿಗಿಂತ ಮುಂಚೆ ಅಷ್ಟಗ್ರಾಮದ ಕಚೇರಿಗೆ ಬಂದ 23 ವರ್ಷದ ಹುಡುಗನೊಬ್ಬ ಕಾನೂನು ಕಲ್ತು ಎರಡು ಕರಾರಿನ ಕಾಲಕ್ಕೆ ಯಜಮಾನನಾದ. ಒಂದರಿಂದ ಕಟ್ಟೆ ಬೇಕು ಅಂತಾಯ್ತು, ಇನ್ನೊಂದರಿಂದ ಕಟ್ಟೆ ಕಷ್ಟ ಅಂತಾಯ್ತು. ನಮ್ಮ ನಾಲೆ ಎರಡರ ಮಧ್ಯದಿಂದ ಹರೀತಿದೆ. ಎರಡನ್ನೂ ನಾವು ಓದಿರ್ಲಿಲ್ಲ.

ಮುಂದಿನ ಸಲ ನೀರಿಗೆ ಅಂತ ಕೂಗೋಕೆ ಹೋಗೋ ಮೊದಲು 2018ರ ತೀರ್ಪಿನ ಮುಖ್ಯ ಭಾಗಗಳನ್ನಾದ್ರೂ ಒಟ್ಟಿಗೆ ಕೂತು ಓದೋಣ. ಕಾನೂನು ಓದ್ತಿರೋ ಫ್ರೆಂಡ್ಸ್ ಇದ್ರೆ ಟ್ಯಾಗ್ ಮಾಡಿ, ಅವರೇ ಓದಿ ಹೇಳ್ಲಿ. ನಮ್ಮಪ್ಪನೂ ಬರ್ತಾರೆ.

ಆಮೇಲೆ ನಿಮ್ಮ ಮನೇಲಿ ಅಜ್ಜಿ ಇದ್ರೆ ಒಂದು ಕೇಳಿ, ನಮ್ಮೂರಿಗೆ ಮೊದಲು ಕರೆಂಟ್ ಬಂದಿದ್ದು ಯಾವಾಗ ಅಂತ. ಊರ ಹೆಸರು, ವರ್ಷ, ಎರಡೇ ಸಾಕು, ಕಾಮೆಂಟಲ್ಲಿ ಹಾಕಿ. ನಾಲ್ಕು ತಾಲ್ಲೂಕಿನ ಲೆಕ್ಕ ನಾನು ಪಟ್ಟಿ ಮಾಡ್ತೀನಿ.

#ನಮ್ಮೂರಇತಿಹಾಸ #ಶ್ರೀರಂಗಪಟ್ಟಣ #ಪಾಂಡವಪುರ #ಕೆಆರ್‌ಪೇಟೆ #ನಾಗಮಂಗಲ #ಕಾವೇರಿ #ಕನ್ನಂಬಾಡಿ